ಕಚ್ಚಾ ಹಾದಿಗೆ ಕ್ಯಾಂಪರ್ ಟ್ರೇಲರ್: ತೂಕದ ಪಟ್ಟಿಯಿಂದ ಮೊದಲ ಓಟದವರೆಗೆ

ಕ್ಯಾಂಪರ್ ಟ್ರೇಲರ್ ಕಟ್ಟಲು ಹೊರಟವರ ತಲೆಯಲ್ಲಿ ಮೊದಲು ಮೂಡುವುದು ಹಾಸಿಗೆಯ ಅಗಲ ಮತ್ತು ಅಡುಗೆ ಕಟ್ಟೆಯ ಜಾಗ. ಕಲ್ಲು, ಗುಂಡಿ, ಇಳಿಜಾರುಗಳ ಹಾದಿಯಲ್ಲಿ ಆ ಟ್ರೇಲರ್ ನೆಟ್ಟಗೆ ಹಿಂಬಾಲಿಸುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಮಾತ್ರ ಅದರ ಒಟ್ಟು ತೂಕ, ಹಾಗೂ ಆ ತೂಕ ಆಕ್ಸಲಿನ ಯಾವ ಬದಿಗೆ ಎಷ್ಟು ಕುಳಿತಿದೆ ಎಂಬ ಲೆಕ್ಕ. ಕಬ್ಬಿಣ ಕೊಯ್ಯುವ ಮುನ್ನವೇ ಈ ಲೆಕ್ಕ ಕಾಗದದ ಮೇಲೆ ಮುಗಿದಿರಬೇಕು.

ಎಳೆಯುವ ವಾಹನದಿಂದ ಆರಂಭಿಸಿ

ವಾಹನದ ಕೈಪಿಡಿಯಲ್ಲಿ ಮೂರು ಅಂಕಿಗಳನ್ನು ಹುಡುಕಿ: ಬ್ರೇಕ್ ಇರುವ ಟ್ರೇಲರನ್ನು ಎಷ್ಟು ತೂಕದವರೆಗೆ ಎಳೆಯಬಹುದು, ಬ್ರೇಕ್ ಇಲ್ಲದ್ದನ್ನು ಎಷ್ಟರವರೆಗೆ, ಮತ್ತು ಕೊಂಡಿಯ ಮೇಲೆ ನೇರವಾಗಿ ಕೆಳಮುಖವಾಗಿ ಎಷ್ಟು ಭಾರ ಬೀಳಬಹುದು. ಕೊಂಡಿಯ ಮೇಲೆ ಬೀಳುವ ಭಾರವೂ ವಾಹನ ಹೊರುವ ಒಟ್ಟು ಭಾರಕ್ಕೆ, ಅಂದರೆ ಪ್ರಯಾಣಿಕರು ಮತ್ತು ಸಾಮಾನಿನ ಲೆಕ್ಕಕ್ಕೆ, ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಕಂಪನಿ ಹೇಳಿದ ಎಳೆಯುವ ಮಿತಿಯನ್ನು ಪೂರ್ತಿ ಬಳಸಿಕೊಳ್ಳುವ ಯೋಜನೆ ಕಚ್ಚಾ ಹಾದಿಗೆ ಸಲ್ಲದು. ಅದರ ಮೂರನೇ ಎರಡು ಭಾಗದೊಳಗೆ ಉಳಿಯುವುದು ಜಾಣತನ. ಮನೆಯಲ್ಲಿ ಕಟ್ಟಿದ ಟ್ರೇಲರಿನ ನೋಂದಣಿ, ಅಗಲ, ದೀಪ ಮತ್ತು ಬ್ರೇಕುಗಳ ಬಗ್ಗೆ ನಿಮ್ಮಲ್ಲಿರುವ ನಿಯಮಗಳನ್ನೂ ನಕ್ಷೆ ಬರೆಯುವ ಮೊದಲೇ ಓದಿಕೊಳ್ಳಿ.

ತೂಕದ ಪಟ್ಟಿ

ಒಂದು ಪುಟದಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: ವಸ್ತು, ಅದರ ತೂಕ, ಆಕ್ಸಲಿನಿಂದ ಅದರ ನಡುಭಾಗಕ್ಕೆ ಇರುವ ದೂರ, ಮತ್ತು ತೂಕ ಹಾಗೂ ದೂರಗಳ ಗುಣಲಬ್ಧ. ಆಕ್ಸಲಿಗಿಂತ ಮುಂದಿರುವ ವಸ್ತುವಿಗೆ ಕೂಡುವ ಚಿಹ್ನೆ, ಹಿಂದಿರುವುದಕ್ಕೆ ಕಳೆಯುವ ಚಿಹ್ನೆ ಹಾಕಿ. ಚಾಸಿ, ಗೋಡೆ, ಹಾಸಿಗೆ, ಬ್ಯಾಟರಿ, ಫ್ರಿಜ್, ನೀರು, ಸ್ಟೆಪ್ನಿ, ಪಾತ್ರೆಪಗಡ ಎಲ್ಲವೂ ಇಲ್ಲಿ ಬರಬೇಕು. ಕೊನೆಯ ಕಂಬಸಾಲಿನ ಮೊತ್ತವನ್ನು ಆಕ್ಸಲಿನಿಂದ ಕೊಂಡಿಯವರೆಗಿನ ದೂರದಿಂದ ಭಾಗಿಸಿದರೆ ಮೂಕಿಭಾರ, ಅಂದರೆ ಟ್ರೇಲರಿನಿಂದ ಮುಂದೆ ಚಾಚಿ ಕೊಂಡಿಗೆ ಸೇರುವ ಮೂಕಿ ಕೊಂಡಿಯ ಮೇಲೆ ಹೇರುವ ಭಾರ, ಸಿಗುತ್ತದೆ. ಅದು ಒಟ್ಟು ತೂಕದ ಶೇ 10ರಿಂದ 15ರ ನಡುವೆ ಇರಬೇಕು. ಶೇ 10ಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರಿನ ಬಾಲ ಅತ್ತಿತ್ತ ತೂಗತೊಡಗುತ್ತದೆ, ಮತ್ತು ಆ ತೂಗಾಟ ಕ್ಷಣಕ್ಷಣಕ್ಕೂ ಬೆಳೆಯುತ್ತ ಹೋಗುತ್ತದೆ. ತೀರಾ ಹೆಚ್ಚಾದರೆ ವಾಹನದ ಹಿಂಭಾಗ ಕುಸಿದು, ಮುಂದಿನ ಚಕ್ರಗಳ ಹಿಡಿತ ಸಡಿಲವಾಗಿ, ಸ್ಟಿಯರಿಂಗ್ ಹಗುರಾಗುತ್ತದೆ.

ಒಂದು ಲೆಕ್ಕ ನೋಡೋಣ. ಸಾಮಾನು ತುಂಬಿದ ಟ್ರೇಲರ್ 900 ಕೆ.ಜಿ., ಆಕ್ಸಲಿನಿಂದ ಕೊಂಡಿಗೆ 320 ಸೆಂ.ಮೀ., ತೂಕದ ಕೇಂದ್ರ ಆಕ್ಸಲಿಗಿಂತ 40 ಸೆಂ.ಮೀ. ಮುಂದಿದೆ ಎಂದುಕೊಳ್ಳಿ. 900ನ್ನು 40ರಿಂದ ಗುಣಿಸಿ 320ರಿಂದ ಭಾಗಿಸಿದರೆ ಮೂಕಿಭಾರ 112.5 ಕೆ.ಜಿ., ಅಂದರೆ ಶೇ 12.5. ಈ ತೂಕದಲ್ಲಿ 80 ಲೀಟರ್ ನೀರಿನ ಟ್ಯಾಂಕ್ ಸೇರಿದ್ದು, ಅದು ಆಕ್ಸಲಿಗಿಂತ ಒಂದು ಮೀಟರ್ ಮುಂದಿದ್ದರೆ, ಕೊಂಡಿಯ ಮೇಲಿನ ಭಾರದಲ್ಲಿ ನೀರಿನ ಪಾಲು 25 ಕೆ.ಜಿ. ಆಗುತ್ತದೆ. ನೀರು ಖಾಲಿಯಾದಾಗ ಉಳಿಯುವುದು 820 ಕೆ.ಜಿ.ಗೆ 87.5, ಶೇ 10.7, ಇನ್ನೂ ಮಿತಿಯೊಳಗಿದೆ. ಅದೇ ಟ್ಯಾಂಕನ್ನು ಆಕ್ಸಲಿನ ಹಿಂದೆ ಒಂದು ಮೀಟರ್ ದೂರದಲ್ಲಿ ಕೂರಿಸಿದ್ದರೆ, ಟ್ಯಾಂಕ್ ತುಂಬಿದ ದಿನವೇ ಮೂಕಿಭಾರ 62.5 ಕೆ.ಜಿ.ಗೆ, ಶೇ 7ರ ಆಸುಪಾಸಿಗೆ, ಇಳಿದುಬಿಡುತ್ತಿತ್ತು. ಆದ್ದರಿಂದ ಟ್ಯಾಂಕಿನ ಜಾಗ ಆಕ್ಸಲಿನ ನೇರಕ್ಕೆ ಅಥವಾ ತುಸು ಮುಂದೆ, ಆದಷ್ಟು ಕೆಳಗೆ. ಒಳಗೆ ನೀರು ತುಳುಕದಂತೆ ಅಡ್ಡಗೋಡೆಗಳೂ ಇರಲಿ. ಸ್ಟೆಪ್ನಿಯನ್ನೂ ನೀರಿನ ಕ್ಯಾನುಗಳನ್ನೂ ಹಿಂಬಾಗಿಲಿಗೆ ನೇತುಹಾಕುವುದು ಚಿತ್ರದಲ್ಲಿ ಚೆಂದ ಕಾಣುತ್ತದೆ, ಅಷ್ಟೆ. ಮುಂದೆ ಅಷ್ಟೇ ಭಾರ ಹೇರಿ ಲೆಕ್ಕ ಸರಿದೂಗಿಸಿದರೂ, ಎರಡು ತುದಿಗಳಲ್ಲಿ ಭಾರವಿರುವ ಟ್ರೇಲರ್ ಒಮ್ಮೆ ತೂಗತೊಡಗಿದರೆ ಬೇಗ ನಿಲ್ಲುವುದಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ನೆಲದ ಮೇಲೆ ಟೇಪ್ ಅಂಟಿಸಿ, ರಟ್ಟಿನ ಪೆಟ್ಟಿಗೆಗಳನ್ನಿಟ್ಟು ಟ್ರೇಲರನ್ನು ನಿಜ ಅಳತೆಯಲ್ಲಿ ಹರಡಿ, ಅದರೊಳಗೆ ಮಲಗಿ, ಬಾಗಿಲು ತೆರೆದಂತೆ ಮಾಡಿ ನೋಡಿ.

ಚಾಸಿ

ಒಂದು ಟನ್ನಿನ ಆಸುಪಾಸಿನ ಟ್ರೇಲರಿನ ಮುಖ್ಯ ತೊಲೆಗಳಿಗೂ ಮೂಕಿಗೂ 100×50×3 ಮಿ.ಮೀ. ಉಕ್ಕಿನ ಆಯತ ಪೈಪು ಸಾಮಾನ್ಯ ಆಯ್ಕೆ; ಮೀಟರಿಗೆ ಸುಮಾರು 6.6 ಕೆ.ಜಿ. ತೂಗುತ್ತದೆ. ಅಡ್ಡ ಪಟ್ಟಿಗಳಿಗೆ 50×50×3 ಸಾಕು. ಬಲ ಸಾಲದೆನಿಸಿದರೆ ಪೈಪಿನ ಗೋಡೆಯ ದಪ್ಪ ಹೆಚ್ಚಿಸುವುದಕ್ಕಿಂತ ಎತ್ತರ ಹೆಚ್ಚಿಸುವುದು ಲಾಭ, ಏಕೆಂದರೆ ಬಾಗದಿರುವ ಗುಣ ಎತ್ತರದೊಂದಿಗೆ ಬಹಳ ವೇಗವಾಗಿ ಏರುತ್ತದೆ.

ಇಂಥ ಟ್ರೇಲರುಗಳು ಬಿರುಕು ಬಿಡುವ ಖಾಯಂ ಜಾಗವೊಂದಿದೆ: ಮೂಕಿಯ ಎರಡು ತೋಳುಗಳು ಚಾಸಿಯ ಮುಂದಿನ ಅಡ್ಡಪಟ್ಟಿಯನ್ನು ಸೇರುವ ಸ್ಥಳ. ಗುಂಡಿಗೆ ಚಕ್ರ ಇಳಿದಾಗಲೆಲ್ಲ ಮೂಕಿ ಮೇಲೆ ಕೆಳಗೆ ಬಾಗುತ್ತದೆ, ಆ ಬಾಗುವಿಕೆಯೆಲ್ಲ ಈ ಒಂದು ಗೆರೆಯಲ್ಲಿ ಬಂದು ಸೇರುತ್ತದೆ. ಆದ್ದರಿಂದ ತೋಳುಗಳನ್ನು ಅಲ್ಲಿಗೇ ಕೊನೆಗೊಳಿಸದೆ, ಚಾಸಿಯ ಕೆಳಗೆ ಹಾಯಿಸಿ ಸ್ಪ್ರಿಂಗಿನ ಮುಂದಿನ ಹ್ಯಾಂಗರಿನವರೆಗೆ (ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಆಧಾರ) ಒಯ್ಯಿರಿ. ತೊಲೆಯ ಮೇಲ್ಮುಖ ಮತ್ತು ಕೆಳಮುಖದಲ್ಲಿ ಅಡ್ಡಲಾಗಿ ವೆಲ್ಡಿಂಗ್ ಗೆರೆ ಬೀಳಬಾರದು. ಪಕ್ಕದ ಮುಖಗಳಲ್ಲಿ ಉದ್ದುದ್ದಕ್ಕೆ ಬೆಸೆಯಿರಿ. ಬಲಪಡಿಸುವ ತಗಡುಗಳ ತುದಿ ಥಟ್ಟನೆ ಮುಗಿಯದೆ ಚೂಪಾಗಿ ಇಳಿಯುತ್ತ ಬರಲಿ.

ಸಮತಟ್ಟಾದ ನೆಲದಲ್ಲಿ ಪೈಪುಗಳನ್ನು ಜೋಡಿಸಿ ಮೊದಲು ಬರಿಯ ಚುಕ್ಕೆ ಬೆಸುಗೆ ಹಾಕಿ, ಎರಡೂ ಕರ್ಣಗಳನ್ನು ಅಳೆಯಿರಿ. ವ್ಯತ್ಯಾಸ 2–3 ಮಿ.ಮೀ. ಒಳಗಿದ್ದರೆ ಮಾತ್ರ ಮುಂದುವರಿಯಿರಿ. ಒಂದು ಮೂಲೆಯಲ್ಲಿ ತುಸು ಬೆಸೆದು, ಎದುರಿನ ಮೂಲೆಗೆ ಹೋಗಿ, ಮತ್ತೆ ಮರಳುವ ಕ್ರಮದಲ್ಲಿ ಕೆಲಸ ಮಾಡಿದರೆ ಶಾಖಕ್ಕೆ ಚೌಕಟ್ಟು ತಿರುಚಿಕೊಳ್ಳುವುದಿಲ್ಲ. ಮೂಕಿ ಮತ್ತು ಹ್ಯಾಂಗರುಗಳ ಬೆಸುಗೆ ಮಾತ್ರ ಪಳಗಿದ ವೆಲ್ಡರಿನ ಕೈಯಿಂದಲೇ ಆಗಲಿ. ಚಾಸಿಯನ್ನು ಬಿಸಿ ಸತುವಿನಲ್ಲಿ ಅದ್ದಿಸಿ ಗ್ಯಾಲ್ವನೈಸ್ ಮಾಡಿಸುವುದಾದರೆ ಪ್ರತಿ ಮುಚ್ಚಿದ ಪೈಪಿಗೂ ಗಾಳಿ ಹೊರಹೋಗುವ ರಂಧ್ರ ಇರಲೇಬೇಕು: ಸುಮಾರು 450 ಡಿಗ್ರಿ ಸೆಲ್ಸಿಯಸ್ ಶಾಖದ ಆ ತೊಟ್ಟಿಯಲ್ಲಿ ಒಳಗೆ ಸಿಕ್ಕಿಬಿದ್ದ ತೇವ ಪೈಪನ್ನು ಸಿಡಿಸಬಲ್ಲದು.

ಆಕ್ಸಲ್, ಬ್ರೇಕ್, ಕೊಂಡಿ

ಮೊದಲ ಬಾರಿ ಕಟ್ಟುವವರಿಗೆ ಲೀಫ್ ಸ್ಪ್ರಿಂಗ್ ಮತ್ತು ನೇರ ಆಕ್ಸಲ್ ಸಾಕು. ಪ್ರತಿ ಚಕ್ರಕ್ಕೂ ಬೇರೆ ಬೇರೆ ತೋಳಿರುವ ಸ್ವತಂತ್ರ ಸಸ್ಪೆನ್ಷನ್ ನಡುವೆ ಹೆಚ್ಚು ನೆಲದಂತರ (ನೆಲದಿಂದ ಎತ್ತರ) ಕೊಡುತ್ತದೆ, ನಿಜ. ಆದರೆ ಅದು ದುಬಾರಿ, ಅದರ ಜೋಡಣೆ ತುಸು ತಪ್ಪಿದರೂ ಟೈರು ತಿನ್ನುತ್ತದೆ. ಸ್ಪ್ರಿಂಗ್ ಯಾವುದೇ ಇರಲಿ, ಶಾಕ್ ಅಬ್ಸಾರ್ಬರ್ ಹಾಕಿ. ಎರಡು ಚಕ್ರಗಳ ನಡುವಿನ ಅಗಲ, ಟೈರಿನ ಅಳತೆ, ಬೋಲ್ಟುಗಳ ಜೋಡಣೆ ಮೂರೂ ಎಳೆಯುವ ವಾಹನದಂತೆಯೇ ಇದ್ದರೆ ಟ್ರೇಲರ್ ಅದೇ ಜಾಡಿನಲ್ಲಿ ಬರುತ್ತದೆ, ಸ್ಟೆಪ್ನಿಯೂ ಎರಡಕ್ಕೂ ಹೊಂದುತ್ತದೆ. ಹ್ಯಾಂಗರುಗಳನ್ನು ಬೋಲ್ಟ್ ಹಾಕಿದ ಉಪಚೌಕಟ್ಟಿನ ಮೇಲೆ ಕೂರಿಸಿದರೆ ಆಮೇಲೆ ಆಕ್ಸಲನ್ನು ಕೆಲವು ಸೆಂ.ಮೀ. ಹಿಂದೆ ಮುಂದೆ ಸರಿಸಬಹುದು. ಕೊಂಡಿಯ ನಡುಬಿಂದುವಿನಿಂದ ಆಕ್ಸಲಿನ ಎರಡೂ ತುದಿಗಳಿಗೆ ಸಮಾನ ದೂರವಿರುವುದನ್ನು ಅಳೆದು ನೋಡಿ.

ಟ್ರೇಲರಿನ ನೂಕಿನಿಂದಲೇ ಕೆಲಸ ಮಾಡುವ ಬ್ರೇಕು ಸರಳವಾದರೂ ಕಡಿದಾದ ಇಳಿಜಾರಿನಲ್ಲಿ ಚಾಲಕನ ಹಿಡಿತಕ್ಕೆ ಸಿಗುವುದಿಲ್ಲ. ಚಾಲಕನ ಬಳಿ ನಿಯಂತ್ರಕವಿರುವ 12 ವೋಲ್ಟಿನ ವಿದ್ಯುತ್ ಬ್ರೇಕು ಕಚ್ಚಾ ಹಾದಿಗೆ ಹೆಚ್ಚು ಯೋಗ್ಯ. ಸಾಮಾನ್ಯ ಗುಂಡಿನ ಕೊಂಡಿ ಸ್ವಲ್ಪವೇ ಓರೆಯಾಗಬಲ್ಲದು; ವಾಹನ ಒಂದು ಬದಿಗೆ, ಟ್ರೇಲರ್ ಇನ್ನೊಂದು ಬದಿಗೆ ವಾಲುವ ನೆಲದಲ್ಲಿ ಮೂರೂ ದಿಕ್ಕಿಗೆ ತಿರುಗುವ ಕೊಂಡಿಯೇ ಬೇಕು. ಸುರಕ್ಷತಾ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕಿ. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಚುಚ್ಚಿಕೊಳ್ಳದೆ ಸರಪಳಿಯ ಮೇಲೆ ಕೂರುತ್ತದೆ.

ಮೈಕಟ್ಟು ಮತ್ತು ಧೂಳು

ಚಾಸಿ ಓಡುವಾಗ ತಿರುಚುತ್ತದೆ, ಪೆಟ್ಟಿಗೆ ತಿರುಚಬಾರದು. ಹಾಗಾಗಿ ನಡುವೆ ರಬ್ಬರ್ ಬುಷ್ ಇರಲಿ. ಪ್ಲೈವುಡ್ಡಿನ ಅಂಚುಗಳಿಗೂ ಕೊರೆದ ರಂಧ್ರಗಳಿಗೂ ಎಪಾಕ್ಸಿ ಸವರದಿದ್ದರೆ ನೀರು ಅಲ್ಲಿಂದಲೇ ಒಳಸೇರುತ್ತದೆ. ಅಲ್ಯೂಮಿನಿಯಂ ಮತ್ತು ಉಕ್ಕು ನೇರ ತಾಗುವಲ್ಲಿ ತೇವವಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ, ನಡುವೆ ರಬ್ಬರ್ ಪಟ್ಟಿ ಹಾಕಿ.

ಧೂಳು ಬಾಗಿಲ ಸಂದಿಯಿಂದ ಬರುವುದು ಓಡುವ ಟ್ರೇಲರಿನ ಒಳಗೆ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆಯಾಗುವುದರಿಂದ. ಟೊಳ್ಳು ರಬ್ಬರ್ ಸೀಲ್ ಮತ್ತು ಬಿಗಿಯಾಗಿ ಎಳೆದುಕೊಳ್ಳುವ ಚಿಲಕಗಳ ಜೊತೆಗೆ, ಮುಂಭಾಗದಲ್ಲಿ ಎತ್ತರದಲ್ಲೊಂದು ಫಿಲ್ಟರ್ ಇರುವ ಗಾಳಿಕಂಡಿ ಇಟ್ಟರೆ, ಓಟದ ಗಾಳಿಯೇ ಒಳಗಿನ ಒತ್ತಡವನ್ನು ಏರಿಸಿ ಧೂಳನ್ನು ಹೊರಗಿಡುತ್ತದೆ.

ವಿದ್ಯುತ್ ಮತ್ತು ಗ್ಯಾಸ್

ಸಣ್ಣ ಕಂಪ್ರೆಸರ್ ಫ್ರಿಜ್ ಸೆಖೆಯನ್ನು ಅವಲಂಬಿಸಿ ದಿನಕ್ಕೆ 30–40 ಆಂಪಿಯರ್-ಗಂಟೆ ಬಳಸುತ್ತದೆ. ದೀಪ, ಪಂಪು, ಫೋನು ಸೇರಿ ಇನ್ನೊಂದು 10. 100 ಆಂಪಿಯರ್-ಗಂಟೆಯ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಸೂರ್ಯನಿಲ್ಲದೆಯೂ ಸುಮಾರು ಎರಡು ದಿನ ಸಾಗಿಸುತ್ತದೆ. ಸೀಸ-ಆಮ್ಲದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕು. ತಂತಿಯಲ್ಲಿ ಜಿಪುಣತನ ಬೇಡ: ಹೋಗಿ ಬರುವ ಉದ್ದ 10 ಮೀಟರ್ ಇರುವ 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 5 ಆಂಪಿಯರ್ ಹರಿದರೆ 0.35 ವೋಲ್ಟ್ ಕುಸಿಯುತ್ತದೆ, ತಂತಿ ಇನ್ನೂ ತೆಳುವಾದರೆ ಫ್ರಿಜ್ ಮುಷ್ಕರ ಹೂಡುತ್ತದೆ. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಅಡುಗೆ ಗ್ಯಾಸ್ (ಎಲ್‌ಪಿಜಿ) ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರನ್ನು ಹೊರಗೆ ಮೂಕಿಯ ಮೇಲಿಡಿ, ಮಲಗುವ ಜಾಗದಲ್ಲಿ ಒಲೆ ಹಚ್ಚಬೇಡಿ.

ಮೊದಲ ಓಟ

ನೀರು, ಸಾಮಾನು ಎಲ್ಲ ತುಂಬಿ ವೇ ಬ್ರಿಜ್‌ನಲ್ಲಿ ತೂಗಿಸಿ, ಮೂಕಿಭಾರವನ್ನು ಬೇರೆಯಾಗಿ ಅಳೆದು ನಿಮ್ಮ ಪಟ್ಟಿಯೊಂದಿಗೆ ಹೋಲಿಸಿ. ವ್ಯತ್ಯಾಸವಿದ್ದರೆ ಈಗಲೇ ಆಕ್ಸಲ್ ಸರಿಸಿ. ಡಾಂಬರು ರಸ್ತೆಯಲ್ಲಿ ಹತ್ತಿಪ್ಪತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಚಕ್ರಗಳ ನಡುಭಾಗದ ಹಬ್‌ಗಳ ಬಳಿ ಅಂಗೈ ಒಡ್ಡಿ: ಬೆಚ್ಚಗಿದ್ದರೆ ಸರಿ, ಹತ್ತಿರ ಕೈ ಹಿಡಿಯಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದಿದೆ. 50ರಿಂದ 100 ಕಿ.ಮೀ. ಆದ ಮೇಲೆ ಚಕ್ರದ ನಟ್‌ಗಳನ್ನೂ ಸ್ಪ್ರಿಂಗಿನ ಯು-ಬೋಲ್ಟುಗಳನ್ನೂ ಮತ್ತೆ ಬಿಗಿಮಾಡಿ, ಪ್ರತಿ ನಟ್ಟಿನಿಂದ ಅದರಡಿಯ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆದಿಡಿ. ಆಮೇಲೆ ಕಚ್ಚಾ ಹಾದಿಗೆ ಇಳಿಸಿ, ಗೆರೆ ಮುರಿದ ನಟ್ ಯಾವುದೆಂದು ಪ್ರತಿ ತಂಗುದಾಣದಲ್ಲೂ ಬಗ್ಗಿ ನೋಡಿ.