ಕಾಂಗ್ರೆಸ್ ಗಿಡ, ಲಂಟಾನ ಕೀಳೋಕೆ ಪಾರ್ಕಿಗೆ ಹೊರಟಿದೀರಾ? ಮೊದ್ಲು ಇಷ್ಟು ತಿಳ್ಕೊಳಿ

ಬೆಂಗಳೂರಿನ ನಮ್ಮ ಲೇಔಟ್ ಪಾರ್ಕಲ್ಲಿ ಈ ಕೆಲಸ ಶುರು ಮಾಡಿದ ಮೊದಲನೇ ವರ್ಷ ನಾವು ಮಾಡಿದ್ದೆಲ್ಲಾ ತಪ್ಪೇ. ನಲವತ್ತು ಜನ ಸೇರಿದ್ರು, ಒಂದೇ ಥರ ಟೀ-ಶರ್ಟ್, ಬ್ಯಾನರ್ ಬೇರೆ, ಒಂದೇ ಭಾನುವಾರದಲ್ಲಿ ಹಿಂದುಗಡೆ ಮೂಲೆ ಪೂರ್ತಿ ಬೋಳು ಮಾಡಿ ಇಡ್ಲಿ ವಡೆ ತಿಂದು ಗ್ರೂಪ್ ಫೋಟೋ ತಗೊಂಡು ಮನೆಗೆ ಹೋದ್ವಿ. ದಸರಾ ಹೊತ್ತಿಗೆ ಹೋಗಿ ನೋಡಿದ್ರೆ ಮೊದಲಿಗಿಂತ ದಟ್ಟವಾಗಿ ಬೆಳ್ದು ನಿಂತಿದೆ! ಹಂಗಾಗಿ ಈಗ ಯಾರು ಕೇಳಿದ್ರೂ ನಾನು ಹೇಳೋದು ಒಂದೇ: ಬ್ಯಾಡ್ಮಿಂಟನ್ ಕೋರ್ಟಿನಷ್ಟು ಜಾಗ ಹಿಡ್ಕೊಳಿ, ಆರೇಳು ಜನ ಸಾಕು, ಮೂರು ವಾರಕ್ಕೊಂದ್ಸಲ ಹೋಗಿ, ಆ ಜಾಗನ ಎರಡು ವರ್ಷ ಬಿಡಬೇಡಿ. ನಲವತ್ತು ಜನ ಒಂದ್ಸಲ ಬರೋದಕ್ಕಿಂತ ನಾಲ್ಕು ಜನ ಹತ್ತು ಸಲ ಬರೋದು ಮೇಲು.

ಮೊದ್ಲು ಪರ್ಮಿಷನ್. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ತೋಟಗಾರಿಕೆ ಇಲಾಖೆದು, ತುರಹಳ್ಳಿ ಕಾಡಿನ ಥರದ್ದು ಅರಣ್ಯ ಇಲಾಖೆದು, ಅಲ್ಲಿ ನಮ್ಮಿಷ್ಟಕ್ಕೆ ಮಚ್ಚು ಹಿಡ್ಕೊಂಡು ಒಳಗೆ ಹೋಗೋ ಹಂಗಿಲ್ಲ. ಬಡಾವಣೆ ಪಾರ್ಕ್ ಆದ್ರೆ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಒಂದು ಲೆಟರ್ ಕೊಡಿ (2025ರಲ್ಲಿ ಬಿಬಿಎಂಪಿ ಹೋಗಿ ಜಿಬಿಎ ಅಂದ್ರೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಐದು ಪಾಲಿಕೆ ಆಗಿರೋದ್ರಿಂದ ನಿಮ್ಮ ಏರಿಯಾ ಯಾವುದಕ್ಕೆ ಸೇರತ್ತೆ ಅಂತ ಮೊದ್ಲು ನೋಡ್ಕೊಳಿ). ಲೆಟರ್‌ಗಿಂತ ಮುಖ್ಯ ಅಂದ್ರೆ ಪಾರ್ಕಿನ ಮಾಲಿ. ಯಾವ ಪೊದೇಲಿ ಮುಂಗುಸಿ ಇದೆ, ಯಾವ ಕಡೆ ಪೈಪ್ ಹೂತಿದಾರೆ, ಯಾವ ಗಿಡ ಅವರೇ ಹೋದ ತಿಂಗಳು ನೆಟ್ಟಿದ್ದು, ಎಲ್ಲಾ ಅವರಿಗೇ ಗೊತ್ತಿರೋದು. ಅವರನ್ನ ಕೇಳದೆ ಕೈ ಹಾಕ್ಬೇಡಿ.

ಇನ್ನು ಗಿಡ ಗುರುತು ಹಿಡಿಯೋದು. ಹೊರದೇಶದಿಂದ ಬಂದಿದ್ದೆಲ್ಲಾ ಕೀಳ್ಬೇಕು ಅಂತ ಹೊರಟ್ರೆ ಬೆಂಗಳೂರಲ್ಲಿ ನೆರಳೇ ಇರಲ್ಲ ಬಿಡಿ, ಗುಲ್‌ಮೊಹರ್ ಮಡಗಾಸ್ಕರಿಂದು, ಜಕರಾಂಡ, ಮಳೆಮರ ಎಲ್ಲಾ ಅಮೆರಿಕ ಖಂಡದ ಕಡೆಯವು, ಅಷ್ಟ್ಯಾಕೆ ನಾವು ದಿನಾ ತಿನ್ನೋ ಮೆಣಸಿನಕಾಯೀನೂ ಅಲ್ಲಿಂದೇ. ತಾನೇ ಹಬ್ಬಿ ಪಕ್ಕದ್ದನ್ನ ಬೆಳೆಯೋಕೆ ಬಿಡದೆ ಇರೋದು ನಮ್ಮ ಟಾರ್ಗೆಟ್, ಅಷ್ಟೇ. ಸಾಮಾನ್ಯ ಪಾರ್ಕಲ್ಲಿ ಅದು ಮುಖ್ಯವಾಗಿ ಎರಡು, ಲಂಟಾನ ಮತ್ತೆ ಪಾರ್ಥೇನಿಯಂ ಅಂದ್ರೆ ಕಾಂಗ್ರೆಸ್ ಗಿಡ. ಎಳೇ ಪಾರ್ಥೇನಿಯಂ ಎಲೆ ಥೇಟ್ ಕ್ಯಾರೆಟ್ ಸೊಪ್ಪಿನ ಥರ, ನೆಲಕ್ಕೆ ಅಂಟ್ಕೊಂಡು ವೃತ್ತಾಕಾರದಲ್ಲಿ ಹರಡಿರತ್ತೆ, ಆಮೇಲೆ ಕಾಂಡ ಎದ್ದು ಸಣ್ಣ ಬಿಳಿ ಹೂ. ಲಂಟಾನ ಎಲ್ಲರಿಗೂ ಗೊತ್ತು, ಒರಟು ಎಲೆ, ಉಜ್ಜಿದ್ರೆ ಘಾಟು ವಾಸನೆ, ಹಳದಿ-ಗುಲಾಬಿ ಹೂಗೊಂಚಲು. ಹೊಸಬರು ಮಾಡೋ ತಪ್ಪು ಏನಪ್ಪಾ ಅಂದ್ರೆ ಕೀಳೋ ಜೋಶಲ್ಲಿ ತುಂಬೆ, ನೆಲನೆಲ್ಲಿ, ಉತ್ತರಾಣಿ, ಗರಿಕೆ ಎಲ್ಲಾನೂ ಕಿತ್ತು ಗುಡ್ಡೆ ಹಾಕೋದು. ನಮ್ಮಲ್ಲಿ ಒಬ್ರು ಹಿರಿಯರು ಅದನ್ನ ನೋಡಿ "ಗಣೇಶನ ಪೂಜೆಗೆ ಗರಿಕೆ ದುಡ್ಡು ಕೊಟ್ಟು ತರ್ತೀರ, ಇಲ್ಲಿ ಕಿತ್ತು ಎಸೀತೀರ" ಅಂತ ಚೆನ್ನಾಗಿ ಬೈದ್ರು. ಆವತ್ತಿಂದ ಶುರು ಮಾಡೋ ಮುಂಚೆ ಬೇಕಾಗಿರೋ ಗಿಡ, ಬೇಡದ ಗಿಡ ಒಂದೊಂದು ಕೈಲಿ ಹಿಡಿದು ಎಲ್ಲರಿಗೂ ತೋರಿಸ್ತೀವಿ.

ಪಾರ್ಥೇನಿಯಂಗೆ ಟೈಮಿಂಗೇ ಎಲ್ಲಾ. ಮೊಳಕೆ ಬಂದು ಒಂದು ತಿಂಗಳಲ್ಲೇ ಹೂ ಬಿಡೋಕೆ ಶುರು ಮಾಡತ್ತೆ, ಚೆನ್ನಾಗಿ ಬೆಳೆದ ಒಂದು ಗಿಡ 10,000ದಿಂದ 25,000 ಬೀಜ ಉದುರಿಸತ್ತೆ, ಹಾಗಾಗಿ ಹೂ ಬಂದ್ಮೇಲೆ ಹೋಗಿ ಕಿತ್ರೆ ನಾವೇ ಬೀಜ ಬಿತ್ತಿದ ಹಾಗೆ. ಏಪ್ರಿಲ್-ಮೇ ಮಳೆ ಬಿದ್ದು ಎರಡು ಮೂರು ವಾರಕ್ಕೆ, ಮಣ್ಣು ಹಸಿ ಇರೋವಾಗ ಬುಡದ ಹತ್ರ ಹಿಡಿದು ಸ್ವಲ್ಪ ತಿರುಗಿಸಿ ಎಳೀರಿ, ಬೇರು ಸಮೇತ ಬರತ್ತೆ. ಫೆಬ್ರವರಿಲಿ ನಮ್ಮ ಕೆಂಪು ಮಣ್ಣು ಕಲ್ಲಾಗಿರತ್ತೆ, ಆಗ ಎಳೆದ್ರೆ ಮೇಲಿಂದು ಕೈಗೆ ಬರತ್ತೆ ಬೇರು ಅಲ್ಲೇ ಉಳಿಯತ್ತೆ. ಮೆಷಿನ್‌ನಲ್ಲಿ ಸವರಿಸೋದೂ ವೇಸ್ಟ್, ಬುಡದಿಂದ ಮತ್ತೆ ಚಿಗುರಿ ಗೇಣುದ್ದದಲ್ಲೇ ಹೂ ಬಿಡತ್ತೆ.

ಗ್ಲೌಸ್, ಮಾಸ್ಕ್, ಫುಲ್ ಸ್ಲೀವ್ ಇಲ್ಲದೆ ಇದನ್ನ ಮುಟ್ಟಲೇಬೇಡಿ, ಹೀರೋಗಿರಿ ಬೇಡ. ಇದರಲ್ಲಿರೋ ಪಾರ್ಥೆನಿನ್ ಅನ್ನೋ ಅಂಶದಿಂದ ಚರ್ಮಕ್ಕೆ ಅಲರ್ಜಿ ಆಗತ್ತೆ, ಪರಾಗದಿಂದ ಸೀನು, ಉಬ್ಬಸ. ಮೊದಲ ದಿನ ಏನೂ ಆಗಲಿಲ್ಲ ಅಂತ ಧೈರ್ಯ ಮಾಡೋದೂ ತಪ್ಪು, ಮುಟ್ತಾ ಮುಟ್ತಾ ಅಲರ್ಜಿ ಬೆಳೆಯೋದುಂಟು. ಅಸ್ತಮಾ ಇರೋರಿಗೆ ಬೇರೆ ಕೆಲಸ ಕೊಡಿ, ನೀರು ತರೋದು, ಲೆಕ್ಕ ಬರೆಯೋದು, ಕೆಲಸಕ್ಕೇನು ಕೊರತೆ ಇಲ್ಲ.

ಮಳೆಗಾಲದಲ್ಲಿ ಎಲೆ ಮೇಲೆ ಬಿಳಿಚು ಬಣ್ಣದ, ಕಂದು ಗೆರೆ ಇರೋ ಪುಟ್ಟ ದುಂಬಿ ಕಂಡ್ರೆ ಅದನ್ನ ಕೊಲ್ಲಬೇಡಿ. ಅದು ಜೈಗೋಗ್ರಾಮ, ಕಾಂಗ್ರೆಸ್ ಗಿಡ ತಿನ್ನಲಿ ಅಂತಾನೇ 1983ರಲ್ಲಿ ಮೆಕ್ಸಿಕೋದಿಂದ ತರಿಸಿ ಪರೀಕ್ಷೆ ಮಾಡಿ 1984ರಲ್ಲಿ ನಮ್ಮ ಬೆಂಗಳೂರಲ್ಲೇ ಬಿಟ್ಟಿದ್ದು. ದುಂಬಿ ತುಂಬಾ ಇರೋ ಗಿಡ ಇನ್ನೂ ಹೂ ಬಿಟ್ಟಿಲ್ಲ ಅಂದ್ರೆ ಅದನ್ನ ಬಿಟ್ಟು ಪಕ್ಕದ್ದಕ್ಕೆ ಹೋಗಿ, ಸಂಬಳ ಇಲ್ಲದೆ ದುಡಿಯೋ ವಾಲಂಟಿಯರ್ ಅದೂನೂ.

ಲಂಟಾನಗೆ ಲೆಕ್ಕನೇ ಬೇರೆ. ನಾವು ಮೊದಲ ವರ್ಷ ಮಂಡಿ ಎತ್ತರಕ್ಕೆ ಮಚ್ಚಲ್ಲಿ ಕಡಿದು ಹಾಕಿದ್ವಿ, ಒಂದು ಕೊಂಬೆ ಇದ್ದ ಕಡೆ ಐದು ಬಂತು. ಅದು ಚಿಗುರೋದು ಕಾಂಡ ಮತ್ತೆ ಬೇರು ಸೇರೋ ಜಾಗದಿಂದ, ಆ ಗಂಟು ಹೋಗ್ಬೇಕು. ದೆಹಲಿ ಯೂನಿವರ್ಸಿಟಿಯ ಸಿ.ಆರ್. ಬಾಬು ಅವರ ತಂಡದೋರು ಕಾರ್ಬೆಟ್ ಕಾಡಲ್ಲಿ ಮಾಡಿ ತೋರಿಸಿದ ವಿಧಾನ ಇದೆ, ಸರಳ: ಸುತ್ತ ಹರಡಿರೋ ಕೊಂಬೆ ಮೊದ್ಲು ಸವರಿ ಬುಡದ ಹತ್ರ ಹೋಗಿ, ಮಣ್ಣಿಂದ ಎರಡು ಇಂಚು ಕೆಳಗೆ ತಾಯಿಬೇರನ್ನ ಗುದ್ದಲಿಯಿಂದ ಕಡೀರಿ, ಪೊದೇನ ಹಾಗೇ ಎತ್ತಿ ಬುಡ ಮೇಲೆ ಮಾಡಿ ಒಣಗೋಕೆ ಬಿಡಿ. ಇಡೀ ಬೇರು ಅಗೆಯೋ ಅವಶ್ಯಕತೆ ಇಲ್ಲ, ಜಾಸ್ತಿ ಅಗೆದಷ್ಟೂ ಮಣ್ಣಲ್ಲಿ ಮಲಗಿರೋ ಬೀಜಕ್ಕೆ ಬೆಳಕು ಬಿದ್ದು ಎಲ್ಲಾ ಎದ್ದು ಕೂರತ್ತೆ. ಹಸಿ ಕಾಂಡ ಒದ್ದೆ ನೆಲಕ್ಕೆ ತಾಗಿದ್ರೆ ಬೇರು ಬಿಡತ್ತೆ, ಅದಕ್ಕೇ ಬಂಡೆ ಮೇಲೋ ಸಿಮೆಂಟ್ ಕಟ್ಟೆ ಮೇಲೋ ಹಾಕಿ. ಗುದ್ದಲಿ, ಪಿಕಾಸಿ ಆನ್‌ಲೈನಲ್ಲಿ ತರಿಸಬೇಡಿ, ಹಿಡಿ ಎರಡನೇ ಏಟಿಗೆ ಕಳಚತ್ತೆ, ಹಾರ್ಡ್‌ವೇರ್ ಅಂಗಡಿಗಳಿರೋ ಎಸ್‌ಜೆಪಿ ರೋಡಿಗೆ ಹೋಗಿ ಕೈಲಿ ಹಿಡಿದು ಭಾರ ನೋಡಿ ತಗೊಳಿ.

ಪೊದೆಗೆ ಕೈ ಹಾಕೋ ಮುಂಚೆ ಉದ್ದ ಕೋಲಲ್ಲಿ ಎರಡು ನಿಮಿಷ ಬಡೀರಿ, ಹಾವಿದ್ರೆ ಹೋಗೋಕೆ ದಾರಿ ಬಿಡಿ. ಬಹಳಷ್ಟು ಸಲ ಅದು ಕೇರೆ ಹಾವೇ ಆಗಿರತ್ತೆ, ಆದ್ರೆ ನಾಗರ, ಕೊಳಕುಮಂಡಲನೂ ಈ ಊರಲ್ಲಿ ಇದೆ, ಗಂಬೂಟ್ ಇದ್ರೆ ಒಳ್ಳೇದು. ಕಚ್ಚಿದ್ರೆ ಕಟ್ಟೋದು, ಕುಯ್ಯೋದು, ಬಾಯಲ್ಲಿ ಹೀರೋದು ಏನೂ ಮಾಡದೆ ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಗೂಡೂ ನೋಡಿ. ಪಿಕಳಾರಗಳಿಗೆ ಲಂಟಾನ ಹಣ್ಣು ಇಷ್ಟ, ಊರೆಲ್ಲಾ ಬೀಜ ಹಂಚೋದೂ ಅವೇ, ಆದ್ರೆ ಅದೇ ಪೊದೇಲಿ ಮರಿ ಮಾಡಿರತ್ತೆ. ಮೊಟ್ಟೆ ಮರಿ ಕಂಡ್ರೆ ಆ ಪೊದೆಗೆ ಒಂದು ರಿಬ್ಬನ್ ಕಟ್ಟಿ ಮುಂದಕ್ಕೆ ಹೋಗಿ. ಒಂದೇ ಸಲ ಎಲ್ಲಾ ತೆಗೀಬೇಡಿ ಅನ್ನೋಕೆ ಇದೂ ಒಂದು ಕಾರಣ, ಹಕ್ಕಿಗೆ ಅಡಗೋಕೆ ಜಾಗ ಬೇಕಲ್ಲ.

ಕಿತ್ತಿದ್ದು ಎಲ್ಲಿಗೆ ಹಾಕೋದು? ಹೂ ಬಿಡದ ಪಾರ್ಥೇನಿಯಂ ಕಾಂಪೋಸ್ಟಿಗೆ ಹಾಕಬಹುದು, ಹೂ ಬಂದಿದ್ದು ಬೇಡ. ನಾವು ಒಂದ್ಸಲ ಉದಾಸೀನ ಮಾಡಿ ಎಲ್ಲಾ ಒಂದೇ ಗುಂಡಿಗೆ ಹಾಕಿದ್ವಿ, ಮುಂದಿನ ವರ್ಷ ಆ ಗೊಬ್ಬರ ಹಾಕಿದ ಪ್ರತಿ ಪಾತೀಲೂ ಕಾಂಗ್ರೆಸ್ಸೇ! ಹೂ ಇರೋದನ್ನ ಅಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಲ್ಲಿ ವಾರಗಟ್ಟಲೆ ಬಿಡಿ. ಬೆಂಕಿ ಹಚ್ಚಬೇಡಿ, ಊರಲ್ಲಿ ಕಸ ಸುಡೋ ಹಾಗಿಲ್ಲ, ಹೊಗೆ ಪಕ್ಕದ ಮನೆಯವರಿಗೆ ಹೋಗಿ ಅವರು ಜಗಳಕ್ಕೆ ಬಂದ್ರೆ ಅವರದ್ದೇ ಸರಿ. ಉಪ್ಪುನೀರು, ಔಷಧಿ ಹೊಡೀರಿ ಅಂತಾನೂ ಸಲಹೆ ಬರತ್ತೆ, ಮಕ್ಕಳು ಆಡೋ ಜಾಗ ಅದು, ಬೇಡ. ಲಂಟಾನ ಕಡ್ಡಿ ಮಾತ್ರ ಎಸೆಯೋ ವಸ್ತು ಅಲ್ಲ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ ಮೇಜು ಮಾಡ್ತಾರೆ, ಲಾಲ್‌ಬಾಗಲ್ಲಿ ನಿಲ್ಲಿಸಿದ್ದ ಆ ದೊಡ್ಡ ಆನೆ ಬೊಂಬೆಗಳೂ ಇದೇ ಕಡ್ಡೀದು. ನಮ್ಮ ಕೈಲಿ ಅಷ್ಟೆಲ್ಲಾ ಆಗಲ್ಲ, ಒಣಗಿದ ಕಡ್ಡಿನ ಸಸಿಗೆ ಬೇಲಿ ಮಾಡ್ಕೊಂಡ್ವಿ.

ಖಾಲಿ ಆದ ಜಾಗ ಖಾಲಿ ಬಿಟ್ರೆ ಮತ್ತೆ ಅವೇ ಬರೋದು. ಜೂನಲ್ಲಿ ತಂಗಡಿ, ಬಂದರಿಕೆ, ಲಕ್ಕಿ, ಕವಳಿ ಥರದ ಗಟ್ಟಿ ಗಿಡ ಒತ್ತೊತ್ತಾಗಿ ನೆಡಿ, ಮಧ್ಯ ಗರಿಕೆ ಹಬ್ಬಲಿ. ಒಂದು ನೋಟ್‌ಬುಕ್ ಇಟ್ಕೊಂಡು ತಾರೀಖು, ಎಷ್ಟು ಚೀಲ ಬಂತು ಅಂತ ಬರೀರಿ. ನಮ್ಮ ಮೂಲೇಲಿ ಮೊದಲು ಹದಿನಾರು ಚೀಲ ಬರ್ತಿತ್ತು, ಈಗ ಒಂದೂವರೆ.

ಹೊರಡೋ ಮುಂಚೆ ಮಚ್ಚು ಕುಡುಗೋಲು ಎಣಿಸ್ಕೊಳಿ, ಹುಲ್ಲಲ್ಲಿ ಬಿಟ್ಟು ಬಂದ್ರೆ ಸಂಜೆ ಮಕ್ಕಳ ಕಾಲಿಗೆ ಸಿಗತ್ತೆ. ಗಾಡಿ ಹತ್ತೋ ಮೊದ್ಲು ಶೂ, ಪ್ಯಾಂಟ್ ಮಡಿಕೆ ಅಲ್ಲೇ ಕೊಡವಿ, ಬೀಜ ಮನೆ ತನಕ ಬರತ್ತೆ, ನನ್ನ ತುಳಸಿ ಕುಂಡದಲ್ಲೇ ಎರಡು ಸಲ ಎದ್ದಿತ್ತು.