ಯಾರಿಗೂ ಬಹುಮತ ಬರದಿದ್ದಾಗ ಸರ್ಕಾರ ರಚಿಸುವುದು ಹೇಗೆ?

ಫಲಿತಾಂಶ ಬಂತು, ಯಾವ ಪಕ್ಷಕ್ಕೂ ಬಹುಮತ ಇಲ್ಲ. ಈಗ ಸರ್ಕಾರ ಮಾಡಬೇಕು ಅಂತ ಹೊರಟವರು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ? ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 1983, 2004, 2008, 2018, ನಮ್ಮ ಕರ್ನಾಟಕದಲ್ಲೇ ಇದು ಮತ್ತೆ ಮತ್ತೆ ಆಗಿದೆ.

ಮೊದಲು ಲೆಕ್ಕ ಹಾಕಿ. 224 ಸ್ಥಾನಗಳ ವಿಧಾನಸಭೆಯಲ್ಲಿ ಬಹುಮತಕ್ಕೆ 113 ಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಅದೊಂದನ್ನೇ ಹಿಡಿದು ಕೂರಬೇಡಿ. ಸದನದಲ್ಲಿ ಎಣಿಸುವುದು ಅವತ್ತು ಹಾಜರಿದ್ದು ಮತ ಹಾಕಿದವರನ್ನು ಮಾತ್ರ. 2018ರ ಮೇ ತಿಂಗಳಲ್ಲಿ ಮತದಾನ ನಡೆದದ್ದು 222 ಕ್ಷೇತ್ರಗಳಲ್ಲಿ, ಅದರಲ್ಲಿ ಕುಮಾರಸ್ವಾಮಿ ಅವರು ಎರಡು ಕಡೆ ಗೆದ್ದಿದ್ದರು, ಮತ ಮಾತ್ರ ಒಂದೇ. ನಿಮ್ಮವರೇ ಸ್ಪೀಕರ್ ಆದರೆ ಇನ್ನೊಂದು ಮತ ಕಡಿಮೆ, ಯಾಕೆಂದರೆ ಎರಡೂ ಕಡೆ ಸಮ ಬಂದಾಗ ಮಾತ್ರ ಸ್ಪೀಕರ್ ಮತ ಹಾಕುತ್ತಾರೆ. 2019ರ ಜುಲೈ 23ರಂದು ಕುಮಾರಸ್ವಾಮಿ ಅವರ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬಿದ್ದದ್ದು 99ಕ್ಕೆ 105 ಮತಗಳಿಂದ. 105 ಅನ್ನುವುದು 113ಕ್ಕಿಂತ ಕಡಿಮೆ ಅಲ್ವಾ? ಬಾರದೆ ಉಳಿದವರು ಅಷ್ಟು ಜನ ಇದ್ದರು. ಹಾಗಾಗಿ ನಮ್ಮ ಜೊತೆ ಯಾರಿದ್ದಾರೆ ಅನ್ನುವುದರ ಜೊತೆಗೆ ಆ ದಿನ ಯಾರು ಬರದೆ ಇರಬಹುದು ಅನ್ನುವುದನ್ನೂ ಹೆಸರು ಹಿಡಿದು ಬರೆದುಕೊಳ್ಳಿ.

ಆಮೇಲೆ ಶಾಸಕಾಂಗ ಪಕ್ಷದ ಸಭೆ ಕರೆದು ನಾಯಕನನ್ನು ಆರಿಸಿ. ಬೆಂಬಲ ಕೊಡುವ ಪಕ್ಷಗಳಿಂದ, ಪಕ್ಷೇತರರಿಂದ ಸಹಿ ಇರುವ ಪತ್ರ ತೆಗೆದುಕೊಂಡು ರಾಜಭವನಕ್ಕೆ ಹೋಗಿ ಹಕ್ಕು ಮಂಡಿಸಿ. ಇಲ್ಲಿ ತಡ ಮಾಡಬಾರದು. 2018ರಲ್ಲಿ 78 ಸ್ಥಾನ ಗೆದ್ದ ಕಾಂಗ್ರೆಸ್, 37 ಗೆದ್ದ ಜೆಡಿಎಸ್‌ಗೆ ಮುಖ್ಯಮಂತ್ರಿ ಸ್ಥಾನ ಬಿಟ್ಟುಕೊಡುತ್ತೇವೆ ಅಂತ ಎಣಿಕೆಯ ದಿನವೇ ಹೇಳಿತು.

ರಾಜ್ಯಪಾಲರು ಯಾರನ್ನು ಮೊದಲು ಕರೆಯಬೇಕು? ಸಂವಿಧಾನದಲ್ಲಿ ಇದಕ್ಕೆ ಪಟ್ಟಿ ಇಲ್ಲ. ಕೇಂದ್ರ-ರಾಜ್ಯ ಸಂಬಂಧಗಳ ಬಗ್ಗೆ 1988ರಲ್ಲಿ ವರದಿ ಕೊಟ್ಟ ಸರ್ಕಾರಿಯಾ ಆಯೋಗ ಒಂದು ಕ್ರಮ ಹೇಳಿದೆ. ಮೊದಲು ಚುನಾವಣೆಗೆ ಮುಂಚೆಯೇ ಆದ ಮೈತ್ರಿಕೂಟ. ಅದಿಲ್ಲದಿದ್ದರೆ ಬೇರೆಯವರ ಬೆಂಬಲ ತೋರಿಸುವ ಅತಿ ದೊಡ್ಡ ಪಕ್ಷ. ಆಮೇಲೆ ಚುನಾವಣೆಯ ನಂತರ ಕೂಡಿಕೊಂಡು ಎಲ್ಲರೂ ಸರ್ಕಾರ ಸೇರುವ ಕೂಟ. ಕೊನೆಗೆ, ಕೆಲವರು ಸರ್ಕಾರದಲ್ಲಿದ್ದು ಉಳಿದವರು ಹೊರಗಿನಿಂದ ಬೆಂಬಲ ಕೊಡುವ ಕೂಟ. ಇದು ಸಲಹೆ ಮಾತ್ರ, ಹಾಗಾಗಿ ಜಗಳ ಹುಟ್ಟುವುದೇ ಇಲ್ಲಿ. 2017ರಲ್ಲಿ ಗೋವಾದಲ್ಲಿ 17 ಗೆದ್ದ ಕಾಂಗ್ರೆಸ್ ಹೊರಗುಳಿಯಿತು, 13 ಗೆದ್ದ ಬಿಜೆಪಿ ಇತರರನ್ನು ಕೂಡಿಕೊಂಡು ಸರ್ಕಾರ ಮಾಡಿತು. ಮರುವರ್ಷ ಕರ್ನಾಟಕದಲ್ಲಿ ರಾಜ್ಯಪಾಲ ವಜುಭಾಯಿ ವಾಲಾ ಅವರು ಕೂಟವನ್ನು ಬಿಟ್ಟು 104 ಸ್ಥಾನದ ಬಿಜೆಪಿಯನ್ನು ಕರೆದರು, ಬಹುಮತ ತೋರಿಸಲು 15 ದಿನ ಕೊಟ್ಟರು.

ಅನ್ಯಾಯ ಆಯಿತು ಅನ್ನಿಸಿದರೆ ರಸ್ತೆಯಲ್ಲಿ ಕೂರುವುದಕ್ಕಿಂತ ಸುಪ್ರೀಂ ಕೋರ್ಟ್‌ಗೆ ಹೋಗಿ. ಬೇರೇನೂ ಸಿಗದಿದ್ದರೂ ವಿಶ್ವಾಸಮತದ ದಿನವನ್ನು ಹತ್ತಿರ ತರಲು ಕೇಳಿ. 2018ರಲ್ಲಿ ಕೋರ್ಟ್ ಮಧ್ಯರಾತ್ರಿ ಕೂತು ವಿಚಾರಣೆ ಮಾಡಿತು. ಪ್ರಮಾಣವಚನ ತಡೆಯಲಿಲ್ಲ, ಆದರೆ ಮೇ 19ರ ಸಂಜೆ 4ಕ್ಕೇ ಬಹುಮತ ಸಾಬೀತು ಮಾಡಬೇಕು, ಗುಪ್ತ ಮತದಾನ ಇಲ್ಲ ಅಂತ ಹೇಳಿತು. ಯಡಿಯೂರಪ್ಪ ಅವರು ಮತಕ್ಕೆ ಹಾಕದೆ ರಾಜೀನಾಮೆ ಕೊಟ್ಟರು. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದದ್ದು ಇದೇ. ದಿನ ಜಾಸ್ತಿ ಕೊಟ್ಟಷ್ಟೂ ಕುದುರೆ ವ್ಯಾಪಾರ ಜಾಸ್ತಿ, ಶಾಸಕರು ರೆಸಾರ್ಟ್‌ನಲ್ಲಿ, ಕ್ಷೇತ್ರದ ಜನ ಫೋನ್ ಹಿಡಿದು ಕಾಯುತ್ತಾ. ಬಹುಮತ ನೋಡಬೇಕಾದದ್ದು ರಾಜಭವನದಲ್ಲಿ ಅಲ್ಲ, ಸದನದಲ್ಲಿ. 1989ರಲ್ಲಿ ಸದನದಲ್ಲಿ ಬಲ ತೋರಿಸಲು ಅವಕಾಶವನ್ನೇ ಕೊಡದೆ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದರು, ಆ ಪ್ರಕರಣದಲ್ಲಿ 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇದನ್ನೇ.

ಪ್ರಮಾಣವಚನಕ್ಕೆ ಮುಂಚೆ ಒಪ್ಪಂದ ಬರೆದುಕೊಳ್ಳಿ. ಯಾರಿಗೆ ಯಾವ ಖಾತೆ, ಮುಖ್ಯಮಂತ್ರಿ ಎಷ್ಟು ಕಾಲ, ಜಗಳ ಬಂದರೆ ಯಾರ ಮುಂದೆ ಕೂರುವುದು, ಎಲ್ಲವನ್ನೂ. ಮುಖ್ಯಮಂತ್ರಿ ಸೇರಿ ಸಚಿವರು ಒಟ್ಟು ಸದಸ್ಯರ ಶೇಕಡಾ 15 ಮೀರುವಂತಿಲ್ಲ, ಅಂದರೆ ನಮ್ಮಲ್ಲಿ 34, ಆದ್ದರಿಂದ ಎಲ್ಲರಿಗೂ ಸಚಿವ ಸ್ಥಾನದ ಆಸೆ ತೋರಿಸಬೇಡಿ. 2006ರಲ್ಲಿ ಜೆಡಿಎಸ್ ಮತ್ತು ಬಿಜೆಪಿ 20 ತಿಂಗಳು ನಿಮಗೆ, 20 ತಿಂಗಳು ನಮಗೆ ಅಂತ ಮಾತಾಡಿಕೊಂಡು 2007ರಲ್ಲಿ ಅಧಿಕಾರ ಬಿಟ್ಟುಕೊಡುವ ಹೊತ್ತಿಗೆ ಮುರಿದುಕೊಂಡವು, ಆಮೇಲೆ ಬಂದ ಯಡಿಯೂರಪ್ಪ ಸರ್ಕಾರ ಒಂದೇ ವಾರದಲ್ಲಿ ಹೋಯಿತು. 2018ರಲ್ಲಿ ಖಾತೆಗಳ ಒಪ್ಪಂದ ಆದದ್ದು ಪ್ರಮಾಣವಚನದ ನಂತರ, ಅಲ್ಲಿಯವರೆಗೆ ಸರ್ಕಾರ ಅಂದರೆ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಇಬ್ಬರೇ.

ವಿಶ್ವಾಸಮತದ ದಿನಕ್ಕೆ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ, ಕೊಡಿ, ಪ್ರತಿಯೊಬ್ಬ ಶಾಸಕರಿಗೂ ತಲುಪಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ವಿಪ್ ಮೀರಿದವರು ಶಾಸಕ ಸ್ಥಾನ ಕಳೆದುಕೊಳ್ಳಬಹುದು. ಆದರೆ ಪಕ್ಷಾಂತರ ನಿಷೇಧ ಕಾಯ್ದೆಯನ್ನೇ ನಂಬಿ ನಿದ್ದೆ ಮಾಡಬೇಡಿ. 2019ರಲ್ಲಿ 17 ಜನ ಅನರ್ಹರಾದರು, ಸರ್ಕಾರ ಮಾತ್ರ ಉಳಿಯಲಿಲ್ಲ, ಉಪಚುನಾವಣೆಗೆ ನಿಲ್ಲಲು ಅವರಿಗೆ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು. ಅಸಮಾಧಾನ ಇರುವ ಶಾಸಕನ ಜೊತೆ ಮೊದಲೇ ಕೂತು ಮಾತಾಡಿ.

ಸೋತರೆ ರಾಜೀನಾಮೆ ಕೊಡಿ. ಆಗ ರಾಜ್ಯಪಾಲರು ಬೇರೆಯವರಿಗೆ ಸಾಧ್ಯವೇ ಅಂತ ನೋಡಬೇಕು. ಯಾರಿಂದಲೂ ಆಗದಿದ್ದಾಗ ಮಾತ್ರ ರಾಷ್ಟ್ರಪತಿ ಆಳ್ವಿಕೆ, ಮತ್ತೆ ಚುನಾವಣೆ.