ಫುಡ್ ಬ್ಲಾಗಿಂಗ್ ಮಾಡ್ಬೇಕಾ? ಮೊದಲು ಒಂದು ತಕ್ಕಡಿ ತಗೊಳ್ಳಿ

ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ, ನಾನೂ ಅಡುಗೆ ಬ್ಲಾಗ್ ಶುರು ಮಾಡ್ಬೇಕು, ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ಕ್ಯಾಮೆರಾ ಬೇಡ. ಕೈಯಲ್ಲಿರುವ ಫೋನೇ ಸಾಕು. ಗ್ರಾಂ ಲೆಕ್ಕ ತೋರಿಸುವ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಗೊಂಡು ಅಡುಗೆಮನೆ ಕಟ್ಟೆ ಮೇಲೆ ಇಡಿ.

ಯಾಕೆ ಅಂತ ಹೇಳ್ತೀನಿ. ಮೊದಲ ವರ್ಷ ನಮ್ಮತ್ತೆಯ ಹಾಗಲಕಾಯಿ ಗೊಜ್ಜಿನ ರೆಸಿಪಿ ಹಾಕಿದ್ದೆ. 'ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು' ಅಂತ ಬರೆದಿದ್ದೆ, ಎಲ್ಲರೂ ಹಾಗೇ ಬರೀತಾರಲ್ವಾ. ಓದುಗರೊಬ್ಬರು ಮೆಸೇಜ್ ಮಾಡಿದರು: 'ಹುಳಿ ಜಾಸ್ತಿಯಾಗಿ ಬಾಯಿಗೆ ಇಡೋಕಾಗಲಿಲ್ಲ, ಅವತ್ತೇ ಮನೆಗೆ ನೆಂಟರು ಬಂದಿದ್ದರು.' ಮರುದಿನವೇ ತಕ್ಕಡಿ ತಂದೆ. ಅತ್ತೆ ಹುಣಸೆಹಣ್ಣು ಕಿತ್ತು ನೀರಿಗೆ ಹಾಕುವ ಮೊದಲು ಕೈ ಹಿಡಿದು ನಿಲ್ಲಿಸಿ ತೂಗಿದರೆ 18 ಗ್ರಾಂ. ಅದೇ ನಾನು ಕಿತ್ತ ಉಂಡೆ 41 ಗ್ರಾಂ. ಅತ್ತೆಗೆ ನಗು ತಡೆಯಲಾಗಲಿಲ್ಲ. "ನಿನ್ನ ನಿಂಬೆಹಣ್ಣು ಮೂಸಂಬಿ ಕಣೇ" ಅಂದರು. ಆಮೇಲೆ, "ಹಳೇ ಹುಣಸೆಹಣ್ಣು ಅಂತಲೂ ಬರಿ, ಹೊಸದರ ಹುಳಿಯೇ ಬೇರೆ" ಅಂತ ಸೇರಿಸಿದರು. ಆ ಒಂದು ಸಾಲು ಯಾವ ವಿಡಿಯೋದಲ್ಲೂ ನನಗೆ ಸಿಕ್ಕಿರಲಿಲ್ಲ.

ಈ ಕೆಲಸದಲ್ಲಿ ಬಂಡವಾಳ ಅಂತ ಇರೋದು ಇಷ್ಟೇ: ನೀವು ಹೇಳಿದ ಹಾಗೆ ಮಾಡಿದರೆ ಓದುಗರ ಮನೆಯಲ್ಲೂ ಅಡುಗೆ ಸರಿಯಾಗಿ ಬರಬೇಕು. ಒಂದು ಸಲ ಸರಿಯಾಗಿ ಬಂದರೆ ಅವರು ಮತ್ತೆ ಬರುತ್ತಾರೆ, ಕೆಟ್ಟರೆ ಬರಲ್ಲ, ಫೋಟೋ ಎಷ್ಟೇ ಚೆನ್ನಾಗಿರಲಿ. ಹಾಗಾಗಿ ಪ್ರತಿ ರೆಸಿಪಿಯನ್ನೂ ಹಾಕುವ ಮೊದಲು ಮೂರು ಸಲ ಮಾಡಿ, ಅದರಲ್ಲಿ ಒಂದು ಸಲ ಅಡುಗೆ ಗೊತ್ತಿಲ್ಲದವರ ಕೈಯಲ್ಲಿ, ಅವರ ಅಡುಗೆಮನೆಯಲ್ಲಿ ಮಾಡಿಸಿ. ನನ್ನ ಮೈದುನ ರೂಮಿನಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಂಡಿದ್ದಾನೆ, ನನ್ನ ಪರೀಕ್ಷೆಗಳೆಲ್ಲ ಅವನ ಮೇಲೇ. 'ಮೂರು ವಿಷಲ್' ಅಂತ ಬರೆಯೋದನ್ನು ಬಿಟ್ಟಿದ್ದೂ ಅವನಿಂದಲೇ. ಅವನ ಕುಕ್ಕರ್ ಒಂದೇ ಸಮ ಕೂಗುತ್ತದೆ, ಬೇಳೆ ಮಾತ್ರ ಬೆಂದಿರಲ್ಲ. ಈಗ 'ಮೊದಲ ವಿಷಲ್ ಆದಮೇಲೆ ಸಣ್ಣ ಉರಿಯಲ್ಲಿ ಇಷ್ಟು ನಿಮಿಷ' ಅಂತ ಬರೆಯುತ್ತೇನೆ.

ಇನ್ನು ಏನು ಬರೆಯಬೇಕು ಅನ್ನೋದು. 'ಸೌತ್ ಇಂಡಿಯನ್ ರೆಸಿಪಿ' ಅಂತ ಹೊರಟರೆ ಯಾರ ಕಣ್ಣಿಗೂ ಬೀಳಲ್ಲ. ನಿಮ್ಮ ಮನೆಯ ಒಲೆಗೆ ಹತ್ತಿರ ಇರೋದನ್ನು ಹಿಡಿಯಿರಿ. ಧಾರವಾಡದ ಕಡೆಯವರಾದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇಷ್ಟರಲ್ಲೇ ಎರಡು ವರ್ಷ ಕಳೆಯಬಹುದು. ಮಂಡ್ಯದವರಿಗೆ ಬಸ್ಸಾರು, ಉಪ್ಸಾರು, ಮುದ್ದೆ. ಮಲೆನಾಡಿನವರಿಗೆ ಮಳೆಗಾಲ ಒಂದೇ ಸಾಕು: ಕಳಲೆ, ಪತ್ರೊಡೆ, ತಂಬುಳಿ, ಹಲಸಿನ ಹಪ್ಪಳ. ನಿಮಗೆ ಸಪ್ಪೆ ಅನ್ನಿಸುವ ದಿನನಿತ್ಯದ ಅಡುಗೆಯನ್ನೇ ಎಲ್ಲೋ ಪುಣೆಯಲ್ಲಿ, ದುಬೈಯಲ್ಲಿ ಕೂತು ಹುಡುಕುತ್ತಿರುವವರು ಇದ್ದಾರೆ.

ಹುಡುಕೋದು ಅಂದೆ ನೋಡಿ, ಅದಕ್ಕೆ ಒಂದು ಮಾತು. ನಮ್ಮಲ್ಲಿ ಒಂದೇ ತಿಂಡಿಗೆ ಊರಿಗೊಂದು ಹೆಸರು. ಪಡ್ಡು, ಗುಳಿಯಪ್ಪ, ಗುಂಡುಪೊಂಗಲು ಮೂರೂ ಒಂದೇ; ಒಬ್ಬಟ್ಟು, ಹೋಳಿಗೆ ಎರಡೂ ಒಂದೇ. ತಲೆಬರಹದಲ್ಲಿ ನಿಮ್ಮೂರಿನ ಹೆಸರು ಹಾಕಿ, ಮೊದಲ ಪ್ಯಾರಾದಲ್ಲೇ ಉಳಿದ ಹೆಸರುಗಳನ್ನು ಸಹಜವಾಗಿ ತನ್ನಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುವವರೂ ಬೇಕಾದಷ್ಟಿದ್ದಾರೆ, ಪೇಜಿನ ಲಿಂಕನ್ನು ಅವರು ಬರೆಯುವ ಹಾಗೆ ಇಡಿ. ಜನ ಏನು ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕ ಅಂತ ಆರಿಸಿ ಎರಡು ಹೆಸರು ಹಾಕಿ ಹೋಲಿಸಬಹುದು, ದುಡ್ಡು ಕೊಡಬೇಕಾಗಿಲ್ಲ.

ಪಂಚಾಂಗ ಗೋಡೆ ಮೇಲಿರಲಿ. ಎಳ್ಳುಬೆಲ್ಲದ ಪೋಸ್ಟ್ ಸಂಕ್ರಾಂತಿ ದಿನ ಹಾಕಿದರೆ ಏನು ಪ್ರಯೋಜನ? ಕೊಬ್ಬರಿ, ಬೆಲ್ಲ ಹೆಚ್ಚಿ ಒಣಗಿಸೋದನ್ನು ಜನ ವಾರ ಮೊದಲೇ ಶುರು ಮಾಡಿರುತ್ತಾರೆ. ಮೂರ್ನಾಲ್ಕು ವಾರ ಮುಂಚೆ ಹಾಕಿ. ಹಿತಕಿದ ಬೇಳೆ ಸಾರು ಡಿಸೆಂಬರ್ ಶುರುವಿನಲ್ಲಿ, ಸೊಗಡಿನ ಅವರೆ ಮಾರ್ಕೆಟ್ಟಿಗೆ ಬರ್ತಿದ್ದ ಹಾಗೇ. ಅದಕ್ಕೆ ಬೇಕಾದ ಫೋಟೋ ಹಿಂದಿನ ವರ್ಷವೇ ತೆಗೆದಿಟ್ಟಿರಬೇಕು, ಇದನ್ನು ನಾನು ಪ್ರತಿ ವರ್ಷ ಅಂದುಕೊಳ್ಳುತ್ತೇನೆ, ಪ್ರತಿ ವರ್ಷ ಮರೆಯುತ್ತೇನೆ.

ಫೋಟೋಗೆ ಕಿಟಕಿ ಬೆಳಕು, ಟ್ಯೂಬ್‌ಲೈಟ್ ಆಫ್. ಸಾರು ಫೋಟೋದಲ್ಲಿ ಬರೀ ಕೆಸರಿನ ಹಾಗೆ ಕಾಣುತ್ತದೆ, ಅದಕ್ಕೇ ಒಗ್ಗರಣೆಯನ್ನು ಕೊನೇಲಿ, ಫೋನ್ ರೆಡಿ ಇಟ್ಟುಕೊಂಡು ಹಾಕಿ. ಸಾಸಿವೆ, ಕರಿಬೇವು, ಕೆಂಪು ಮೆಣಸಿನಕಾಯಿ ಮೇಲೆ ತೇಲುತ್ತಿರುವ ಆ ಅರ್ಧ ನಿಮಿಷವೇ ನಿಮ್ಮ ಫೋಟೋ. ಸ್ಟೀಲ್ ತಟ್ಟೆಯಲ್ಲಿ ನಿಮ್ಮ ಮುಖ ಬರದ ಹಾಗೆ ನೋಡಿಕೊಳ್ಳಿ. ನೈಟಿಯಲ್ಲಿ ನಿಂತು ತೆಗೆದ ನನ್ನ ಒಂದು ಫೋಟೋ ಇನ್ನೂ ಓಡಾಡುತ್ತಿದೆ.

ಈಗ ದುಡ್ಡು. ಯೂಟ್ಯೂಬಿನಲ್ಲಿ 500 ಸಬ್‌ಸ್ಕ್ರೈಬರ್, 90 ದಿನದಲ್ಲಿ 3 ವಿಡಿಯೋ, ಒಂದು ವರ್ಷದಲ್ಲಿ 3000 ಗಂಟೆ ವೀಕ್ಷಣೆ ಆದರೆ ನೋಡುಗರೇ ನೇರವಾಗಿ ದುಡ್ಡು ಕೊಡುವ ಮೆಂಬರ್‌ಶಿಪ್, ಸೂಪರ್ ಥ್ಯಾಂಕ್ಸ್ ಥರದ್ದು ಸಿಗುತ್ತದೆ. ಜಾಹೀರಾತಿನ ಪಾಲು ಬೇಕಾದರೆ 1000 ಸಬ್‌ಸ್ಕ್ರೈಬರ್ ಮತ್ತು 4000 ಗಂಟೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂ. ಆಮೇಲೂ ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಬ್ಯಾಂಕಿಗೆ ಬರಲ್ಲ. ನನಗೆ ಮೊದಲ 100 ಡಾಲರ್ ಆಗೋಕೆ ಹದಿನಾಲ್ಕು ತಿಂಗಳು ಹಿಡಿಯಿತು, ಅಷ್ಟರಲ್ಲಿ ಎಣ್ಣೆ, ತುಪ್ಪಕ್ಕೇ ಅದಕ್ಕಿಂತ ಜಾಸ್ತಿ ಖರ್ಚಾಗಿತ್ತು.

ಹಾಗಾಗಿ ಹೆಚ್ಚಿನವರ ಊಟ ಬ್ರ್ಯಾಂಡ್‌ಗಳಿಂದಲೇ. ಇಲ್ಲಿ ನನಗೂ ಒಂದು ಪೆಟ್ಟು ಬಿದ್ದಿದೆ. ಒಂದು ಮಸಾಲೆಪುಡಿ ಕಂಪನಿಯವರು ಫೋನಲ್ಲೇ ಮಾತಾಡಿ ಮೂರು ರೀಲ್ ಮಾಡಿಸಿಕೊಂಡರು, ದುಡ್ಡು ಕೇಳಿದರೆ 'ಮೇಡಂ, ನಿಮಗೂ ಪ್ರಚಾರ ಸಿಕ್ತಲ್ಲ' ಅಂದರು. ಬರವಣಿಗೆಯಲ್ಲಿ ಏನೂ ಇರಲಿಲ್ಲ, ಸುಮ್ನೆ ಬಾಯಿ ಮುಚ್ಚಿಕೊಂಡೆ. ಈಗ ಏನಿದ್ದರೂ ಈಮೇಲ್: ಎಷ್ಟು ವಿಡಿಯೋ, ಎಷ್ಟು ಸಲ ತಿದ್ದುಪಡಿ, ನನ್ನ ವಿಡಿಯೋವನ್ನು ಅವರು ತಮ್ಮ ಜಾಹೀರಾತಿಗೆ ಎಷ್ಟು ತಿಂಗಳು ಬಳಸಬಹುದು, ದುಡ್ಡು ಯಾವ ತಾರೀಕಿಗೆ. ಅರ್ಧ ಮುಂಗಡ ಬರದೆ ಒಲೆ ಹಚ್ಚಲ್ಲ.

ದುಡ್ಡು ತಗೊಂಡಿದ್ದೀರಿ, ಇಲ್ಲವೇ ಪುಕ್ಕಟೆ ಸಾಮಾನು ಬಂದಿದೆ ಅಂದರೆ ಅದನ್ನು ಹೇಳಲೇಬೇಕು. ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲೇ ಇದಕ್ಕೆ ನಿಯಮ ಮಾಡಿದೆ, ಕೇಂದ್ರ ಸರ್ಕಾರವೂ 2023ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಮುಚ್ಚಿಟ್ಟರೆ ಆಗಲ್ಲ, ಎದುರಿಗೇ ಕಾಣಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶ ಇದೆ. ಹಾಗೇ 2022ರ ಜುಲೈಯಿಂದ ಇನ್ನೊಂದು ನಿಯಮ ಬಂತು: ಒಂದೇ ಕಂಪನಿಯಿಂದ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ಸಾಮಾನು ಹೀಗೆ ಬಂದರೆ ಅದಕ್ಕೂ 10% ಟಿಡಿಎಸ್, ಅಂದರೆ ಮೊದಲೇ ಕಡಿತವಾಗುವ ತೆರಿಗೆ. ಮಿಕ್ಸಿ ತೋರಿಸಿ ವಾಪಸ್ ಕಳಿಸಿದರೆ ಇಲ್ಲ, ಇಟ್ಟುಕೊಂಡರೆ ಉಂಟು. ಒಬ್ಬ ಒಳ್ಳೆ ಆಡಿಟರ್ ಹಿಡಿದುಕೊಳ್ಳಿ.

ಹೋಟೆಲ್ ಬಗ್ಗೆ ಬರೆಯುವವರಿಗೆ ಒಂದೇ ಮಾತು, ಬಿಲ್ ನೀವೇ ಕೊಡಿ. ಪುಕ್ಕಟೆ ದೋಸೆ ತಿಂದು 'ಚಟ್ನಿ ಹಳಸಿತ್ತು' ಅಂತ ಬರೆಯೋ ಧೈರ್ಯ ನನಗಂತೂ ಇಲ್ಲ.

ಅಡುಗೆ ಬ್ಲಾಗಿನ ಜೊತೆಗೇ ಕೇಳಿಬರುವ ಲೈಫ್‌ಸ್ಟೈಲ್ ಅನ್ನೋ ಪದಕ್ಕೆ ಹೆದರಬೇಡಿ, ದುಬಾರಿ ಸೋಫಾ ತೋರಿಸಬೇಕು ಅಂತೇನಿಲ್ಲ. ಅದು ಓದುಗರ ಪ್ರಶ್ನೆಗಳಿಂದ ತಾನಾಗೇ ಬರುತ್ತದೆ. ದೋಸೆ ವಿಡಿಯೋ ಹಾಕಿದೆ. ದೋಸೆ ಬಿಟ್ಟು ಎಲ್ಲರೂ ಕಾವಲಿ ಬಗ್ಗೆ ಕೇಳಿದರು. ಎಲ್ಲಿ ತಗೊಂಡ್ರಿ, ಹೊಸದನ್ನು ಹೇಗೆ ಪಳಗಿಸೋದು, ತುಕ್ಕು ಹಿಡಿದರೆ ಏನು ಮಾಡೋದು. ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ, ಕಾಯಿಸಿ, ಅರ್ಧ ಈರುಳ್ಳಿಯಿಂದ ತಿಕ್ಕೋದನ್ನು ತೋರಿಸಿದ ಆ ಎರಡು ನಿಮಿಷದ ವಿಡಿಯೋವನ್ನು ನನ್ನ ಯಾವ ಪಾಯಸವೂ ಮೀರಿಸಿಲ್ಲ. ಅಲ್ಲಿಂದ ಹಿತ್ತಾಳೆ ಪಾತ್ರೆಗೆ ಕಲಾಯಿ, ಮಣ್ಣಿನ ಮಡಕೆ, ಬಾಡಿಗೆ ಮನೆಯ ಪುಟ್ಟ ಅಡುಗೆಮನೆ ಜೋಡಿಸೋದು, ಹೀಗೇ ಬೆಳೆಯಿತು.

ಕೆಲಸ ಯಾವಾಗ ಬಿಡಬೇಕು ಅಂತಲೂ ಕೇಳ್ತೀರಿ, ಗೊತ್ತು. ದೀಪಾವಳಿ ತಿಂಗಳ ಗಳಿಕೆ ನೋಡಿ ಬಿಡಬೇಡಿ. ಹಬ್ಬದ ಸೀಸನ್‌ನಲ್ಲಿ ಜಾಹೀರಾತಿನ ದರ ಏರಿರುತ್ತದೆ, ಜನವರಿಗೆ ದಬ್ಬನೆ ಇಳಿಯುತ್ತದೆ. ವರ್ಷದ ತೀರಾ ಕೆಟ್ಟ ತಿಂಗಳಿನ ಗಳಿಕೆಯಲ್ಲಿ ಬಾಡಿಗೆ, ರೇಷನ್ ನಡೆಯುತ್ತಾ ಅಂತ ನೋಡಿ. ನಾನು ಕೆಲಸ ಬಿಟ್ಟಿದ್ದು ನಾಲ್ಕನೇ ವರ್ಷ. ಈಗಲೂ ಶನಿವಾರ ಎರಡು ಬ್ಯಾಚ್ ಅಡುಗೆ ಕ್ಲಾಸ್ ತಗೊಳ್ಳುತ್ತೇನೆ, ಜನವರಿ ಫೆಬ್ರವರಿಯ ಬಾಡಿಗೆ ಅದರಿಂದಲೇ ಹೋಗೋದು.